ಇಳಕಲ್ಲಿನಲ್ಲಿ ರಾಣಿ ಬಾಗಿಲು ತೆಗೆದಳು

ಹೋದ ತಿಂಗಳು ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಸಣ್ಣದೊಂದು ಮಳೆ ಬಂದು ನಿಂತಿತ್ತು. ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ಸಪ್ಪಳ ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಒದ್ದೆ ಕೆಂಪುಗಲ್ಲಿನ ವಾಸನೆ, ಅದರೊಳಗೆ ಸಾಬೂನಿನ ವಾಸನೆ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ನಿಂತಳು.

"ಟೀಚರ್, ಹಿಂದಕ ಇಲ್ಲೊಂದು ರಾಜಾ-ರಾಣಿ ಪಿಚ್ಚರ್ ತಗದಿದ್ರಂತ. ನಮ್ಮಜ್ಜಿ ಹೇಳ್ತಾಳ. ಖರೇನ್ರಿ?"

"ಖರೆ."

"ಕಡೀಕ ಏನಾಗತೈತ್ರಿ ಅದರಾಗ?"

"ನಿಮ್ಮಜ್ಜಿ ಅದನ್ನ ಯಾವ ಊರಾಗ ನೋಡ್ಯಾಳ ಅನ್ನೂದರ ಮ್ಯಾಲ ಐತಿ" ಎಂದೆ.

ಹುಡುಗಿ ನನ್ನ ಮುಖ ನೋಡಿದಳು. ಟೀಚರ್ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಚೇಷ್ಟೆಯಲ್ಲ. ಕೆಲವು ವರ್ಷಗಳ ಹಿಂದೆ ಅದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಒಂದು ಇಡೀ ಮಳೆಗಾಲ ಈ ಜಿಲ್ಲೆಯ ಬಸ್ಸುಗಳಲ್ಲಿ ತಿರುಗಿದ್ದೇನೆ. ಹಿಡಿದದ್ದನ್ನು ಬಿಡುವ ಜಾತಿಯಲ್ಲ ನಾನು. ನಮ್ಮವ್ವ ಇದನ್ನು ಹೊಗಳಿಕೆಯಾಗಿ ಒಂದು ಸಲವೂ ಹೇಳಿಲ್ಲ.

ಆ ವರ್ಷ ಆಷಾಢಕ್ಕೆ ಮುಂಚೆ ನನ್ನನ್ನು ಬಾಗಲಕೋಟೆಯ ನವನಗರದ ಶಾಲೆಯಿಂದ ಇಳಕಲ್ಲಿಗೆ ನಿಯೋಜನೆಯ ಮೇಲೆ ಕಳಿಸಿದರು. ಮೂರು ತಿಂಗಳ ಮಾತು. ಬೇರೆ ಶಿಕ್ಷಕಿಯಾಗಿದ್ದರೆ ಕಚೇರಿಗೆ ಹೋಗಿ ಗೋಗರೆದು ತಪ್ಪಿಸಿಕೊಳ್ಳುತ್ತಿದ್ದಳು. ನಾನು ಮರುದಿನವೇ ಚೀಲ ಕಟ್ಟಿದೆ. ಮನೆಯಲ್ಲಿ ಅಪ್ಪನ ಮುಖ ನೋಡುವುದು ನನಗೂ, ನನ್ನ ಮುಖ ನೋಡುವುದು ಅಪ್ಪನಿಗೂ ಕಷ್ಟವಾಗಿತ್ತು.

ಕಾರಣ ಹೇಳಿಬಿಡುತ್ತೇನೆ. ಆಗ ನನಗೆ ಮೂವತ್ತೇಳು. ಗಂಡ ರಸ್ತೆ ಅಪಘಾತದಲ್ಲಿ ತೀರಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಂದಿನ ಬೇಸಿಗೆಯ ಚುನಾವಣೆ ಕೆಲಸದಲ್ಲಿ ಮರೋಳದ ಮತಗಟ್ಟೆಗೆ ಹಾಕಿದ್ದರು. ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಮತದಾರರ ಬೆರಳಿಗೆ ಶಾಯಿ ಹಚ್ಚುತ್ತಿದ್ದವರು ಬಾದಾಮಿಯ ಡ್ರಾಯಿಂಗ್ ಮಾಸ್ತರರು, ಸಂಗಮೇಶ ಸರ್. ದಿನವಿಡೀ ಶಾಯಿ ಹಚ್ಚಿದರೂ ಒಂದು ಹನಿ ಆಚೆ ಈಚೆ ಬೀಳಲಿಲ್ಲ. ಆಮೇಲೆ ವರ್ಷದ ತನಕ ಪರಿಚಯ, ಫೋನು, ಎರಡು ಸಲ ಬಾದಾಮಿಯಲ್ಲಿ ಚಹಾ. ಒಂದು ದಿನ ಚಹಾದ ಮುಂದೆಯೇ ಕೇಳಿದರು: "ನಾ ಒಂದ ಮಾತ ಕೇಳ್ಲೇನ್ರಿ ಮೇಡಂ? ಬ್ಯಾಡಂದ್ರ ಚಾ ಆರೂದ್ರೊಳಗ ಬ್ಯಾಡಂತ ಹೇಳಿಬಿಡ್ರಿ." ನಾನು ಆ ಚಹಾವನ್ನು ಪೂರ್ತಿ ಆರಲು ಬಿಟ್ಟೆ.

ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ತಹಶೀಲ್ದಾರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ಮನುಷ್ಯ, ಎಲ್ಲದಕ್ಕೂ ಒಂದು ನಡುವಿನ ದಾರಿ ಹುಡುಕುವವನು.

"ಆತು, ಮಾಡ್ಕೊ. ನಾ ಅಡ್ಡ ಬರಾಂಗಿಲ್ಲ. ಆದ್ರ ಗದ್ದಲ ಬ್ಯಾಡ. ಒಂದಿನಾ ಸಂಜೀಕ ಎರಡೂ ಮನಿಯವ್ರು ನಾಕ್ ಮಂದಿ ಕೂಡಿ ತಾಳಿ ಕಟ್ಟಿಸಿ ಮುಗಸೂಣು. ಕಾರ್ಡು, ಪೆಂಡಾಲು, ಬಾಜಾ ಏನೂ ಬ್ಯಾಡ."

"ಯಾಕ?"

"ಮಂದಿ ಅಂತಾರವ್ವ."

ನಾವು ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಹಳೆಯ ಬಾಗಲಕೋಟೆಯಿಂದ ಎದ್ದು ಬಂದವರು. ಓಣಿ ಹೋಯಿತು, ಅಕ್ಕಪಕ್ಕದವರು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದರು, ಅಪ್ಪನ 'ಮಂದಿ' ಮಾತ್ರ ಹಾಗೇ ಉಳಿದರು. ನನ್ನ ಮೊದಲ ಮದುವೆಗೆ ಅದೇ ಮಂದಿಗೆ ಎರಡು ದಿನ ಊಟ ಹಾಕಿದ್ದ ಅಪ್ಪ, ಈಗ ಅವರ ಕಣ್ಣು ತಪ್ಪಿಸಿ ನನ್ನನ್ನು ಸಾಗಿಹಾಕುವ ಮಾತಾಡಿದಾಗ ನನಗೆ ಸಿಟ್ಟಿಗಿಂತ ಅವಮಾನ ಹೆಚ್ಚಾಯಿತು. ಒಲ್ಲೆ ಎನ್ನಲೂ ಆಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ. ಇಳಕಲ್ಲಿನ ಬಸ್ಸು ಹತ್ತಿದೆ.

ಇಳಕಲ್ಲಿನಲ್ಲಿ ನಮ್ಮವ್ವನ ಅಕ್ಕ ನೀಲವ್ವ ಇದ್ದಳು, ನನ್ನ ದೊಡ್ಡವ್ವ. ವಯಸ್ಸು ಎಪ್ಪತ್ತು ದಾಟಿತ್ತು. ದೊಡ್ಡಪ್ಪ ತೀರಿ ಎರಡು ವರ್ಷವಾಗಿತ್ತು. ಮನೆಯೊಳಗೆ ಎರಡು ಕುಣಿಮಗ್ಗ; ಒಂದರಲ್ಲಿ ಅವಳ ಸೊಸೆ, ಇನ್ನೊಂದರಲ್ಲಿ ಅವಳೇ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಊಟದ ಹೊತ್ತಿಗೇ ಎದ್ದೇಳುವುದು. ಆಷಾಢದ ಗಾಳಿಗೆ ಇಳಕಲ್ಲಿನಲ್ಲಿ ಮಳೆಗಿಂತ ಧೂಳು ಜಾಸ್ತಿ. ಗಾಳಿ ಒಣಗಿದಂತೆ ಎಳೆ ಹರಿಯುತ್ತದೆ, ಹರಿದಂತೆ ದೊಡ್ಡವ್ವ ಗಾಳಿಯನ್ನು ಬೈಯುತ್ತಾಳೆ. ಶಾಲೆ ಮುಗಿಸಿ ಬಂದು ನಾನು ಅವಳ ಎದುರಿಗೆ ಕುಳಿತು ಎಳೆ ಕೂಡಿಸಿ ಕೊಡುತ್ತಿದ್ದೆ. ಕೂಡಿಸುತ್ತ ಅಪ್ಪನ ಮಾತು ಹೇಳಿದೆ.

ಲಾಳಿ ನಿಂತಿತು.

"ಸಂಜೀಕ ಯಾಕಂತ? ನೀ ಏನ ಕಳವು ಮಾಡೀಯೇನು?"

"ಹಂಗಂತ ಕೇಳಾಕ ನನಗ ಬಾಯಿ ಬರಲಿಲ್ಲ ದೊಡ್ಡವ್ವ."

"ನನಗ ಬಂದಿತ್ತು" ಎಂದಳು. ಮತ್ತೆ ಲಾಳಿ ಎಸೆದಳು.

ದೊಡ್ಡವ್ವನದು ಎರಡನೆಯ ಮದುವೆ ಎಂಬುದು ನನಗೆ ಗೊತ್ತಿತ್ತು. ಅದು ಹೇಗಾಯಿತೆಂದು ಗೊತ್ತಿರಲಿಲ್ಲ. ನಮ್ಮ ಕಡೆ ಗಂಡ ಸತ್ತವಳಿಗೆ ಇನ್ನೊಂದು ಮದುವೆ ಹೊಸದೇನಲ್ಲ. ಉಡಿಕಿ ಎನ್ನುತ್ತಾರೆ. ಆದರೆ ಅದು ಕತ್ತಲಾದ ಮೇಲೆ, ಹಿತ್ತಲಲ್ಲಿ, ಒಂದು ಸೀರೆ ಕೊಟ್ಟು ಉಡಿಸಿ ಮುಗಿಸುವ ಶಾಸ್ತ್ರ. ವಾದ್ಯವಿಲ್ಲ, ಅಕ್ಷತೆಯಿಲ್ಲ, ಮುತ್ತೈದೆಯರು ಆ ಹೊತ್ತಿಗೆ ಮುಖ ತೋರಿಸುವುದಿಲ್ಲ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು ಇಳಕಲ್ಲಿನ ತವರಿಗೆ ಬಂದ ದೊಡ್ಡವ್ವನಿಗೆ, ನೂಲಿಗೆ ಬಣ್ಣ ಹಾಕುವ ಹುನಗುಂದದ ಗುರಪ್ಪನ ಜೊತೆ ಹಾಗೇ ಮಾಡಿ ಮುಗಿಸುವುದೆಂದು ಹಿರಿಯರು ಮಾತಾಡಿದ್ದರು. ಅವಳಿಗೆ ಗುರಪ್ಪ ಬೇಕಾಗಿದ್ದ, ಕತ್ತಲು ಬೇಕಾಗಿರಲಿಲ್ಲ.

"ಅದಽ ವಾರ ಟಾಕೀಸಿನ್ಯಾಗ ಆ ಕ್ವಾಟಿ ಪಿಚ್ಚರ್ ಬಂತು" ಎಂದಳು.

ಅವಳು ಆ ಚಿತ್ರ ಹೇಳಿದ್ದು ಎಷ್ಟು ಸಂಜೆಗಳೋ. ಒಂದೊಂದು ಸಂಜೆ ಒಂದೊಂದು ಸೀನು. ಗುಡ್ಡದ ಮೇಲೊಂದು ಕೋಟೆ, ಅದರೊಳಗೆ ಗಂಡ ಸತ್ತ ಎಳೆಯ ರಾಣಿ. ಕೋಟೆಗೆ ಮುತ್ತಿಗೆ ಹಾಕಲು ಬಂದ ಪರದೇಶದ ಸರದಾರ. ಇಬ್ಬರೂ ಮೊದಲು ಕಾಣುವುದು ಬಾದಾಮಿಯ ಈ ಕೆರೆಯಲ್ಲಿ. ಇವಳು ಈ ದಡದ ಮೆಟ್ಟಿಲ ಮೇಲೆ, ಅವನು ಆ ದಡದಲ್ಲಿ ಕುದುರೆಗೆ ನೀರು ಕುಡಿಸುತ್ತ. ರಾಣಿ, 'ಯಾರದಾ ಕುದುರೆ' ಎಂದು ಕೂಗುತ್ತಾಳೆ. "ಮೊದ್ಲ ಗುಡ್ಡ ಉತ್ತರ ಕೊಡತೈತಿ, ಆಮ್ಯಾಲ ಅವ" ಎನ್ನುವಾಗ ದೊಡ್ಡವ್ವನ ದನಿ ಸಣ್ಣದಾಗುತ್ತಿತ್ತು.

ಎರಡನೆಯದು ಊಟದ ಸೀನು. ಸರದಾರ ಸಂಧಾನಕ್ಕೆಂದು ಕೋಟೆಯೊಳಗೆ ಬರುತ್ತಾನೆ. ಪಂಕ್ತಿಯಲ್ಲಿ ಕೂರಿಸುತ್ತಾರೆ. ಒಳಗಿನಿಂದ ರಾಣಿ ತಾನೇ ತುಪ್ಪದ ಮಿಳ್ಳಿ ಹಿಡಿದು ಬಂದು ಬಡಿಸುತ್ತಾಳೆ. ಬಿಳಿ ಸೀರೆಯ ಹೆಣ್ಣು ಪಂಕ್ತಿಗೆ ಬರುವುದೇ? ಮುದುಕರೆಲ್ಲ ಎಲೆ ಬಿಟ್ಟು ಏಳುತ್ತಾರೆ. ಅವಳು ಬಡಿಸುತ್ತಲೇ ಇರುತ್ತಾಳೆ. "ತುಪ್ಪದ ಧಾರಿ ನಡಗಲಿಲ್ಲ ನೋಡು. ನಾ ಅದನ್ನಽ ನೋಡಾಕತ್ತಿದ್ನಿ. ಒಂದ ಎಳಿ ಹಂಗ ಇಳೀತು."

ಕಡೆಯದು ಕೋಟೆಯ ಬಾಗಿಲಿನ ಸೀನು. ನಟ್ಟನಡು ಮಧ್ಯಾಹ್ನ. ಸೈನ್ಯ, ಜನ, ಗುರುಗಳು, ಎಲ್ಲರೂ ನೋಡುತ್ತಿರುವಾಗ ರಾಣಿ ಒಬ್ಬಳೇ ನಡೆದು ಬಂದು ಅಗಳಿ ಎಳೆದು ಬಾಗಿಲು ತೆಗೆಯುತ್ತಾಳೆ. ಹೊರಗೆ ಅವನು. ಅಲ್ಲೇ ಮಾಲೆ, ಅಲ್ಲೇ ವಾದ್ಯ. ಗಿಳಿಹಸಿರು ಸೀರೆ ಉಟ್ಟಿರುತ್ತಾಳೆ.

"ದೊಡ್ಡವ್ವ, ಅದು ಕಪ್ಪು-ಬಿಳುಪು ಪಿಚ್ಚರ್."

"ನೇಕಾರ್ತಿ ಐದೇನಿ ನಾ. ಹಸರ ಬಣ್ಣ ಬೂದಿ ಆದ್ರ ಹೆಂಗ ಕಾಣತೈತಿ ಅಂತ ನನಗ ಗೊತ್ತಿಲ್ಲೇನು?"

"ಆತು. ಮತ್ತ ಆ ಮದುವ್ಯಾಗ ರಾಣಿ ಅಪ್ಪ ಆಶೀರ್ವಾದ ಮಾಡಿದ ಅಂದಿ. ಅವ ನಡುವಽ ಎದೀಗೆ ಬಾಣಾ ಬಡಕೊಂಡು ಸತ್ತಿದ್ನಲ್ಲ?"

"ಬಾಣಾ ಬಡದವ್ರೆಲ್ಲಾ ಸಾಯಲೇಬೇಕಂತೈತೇನು? ಔಷಧಾ ಗಿಷಧಾ ಮಾಡಿರ್ತಾರ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಆ ಚಿತ್ರ ನೋಡಿಕೊಂಡು ಬಂದ ಮರುದಿನ ದೊಡ್ಡವ್ವ ಮಗ್ಗ ನಿಲ್ಲಿಸಿದಳು. ಆಗ ಅವಳ ಮಗ್ಗದ ಮೇಲೆ ಇದ್ದದ್ದು ದೊಡ್ಡ ಮನೆತನದ ಮದುಮಗಳ ಸೀರೆ. ಒಡಲು ಒಂದು ಹಾಸು, ಸೆರಗು ಇನ್ನೊಂದು ಹಾಸು. ಎರಡನ್ನೂ ಎಳೆ ಎಳೆಗೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಾರು ಎಳೆ. ತವರುಮನೆಯಲ್ಲಿ ಗಂಟು ಕಾಣದಂತೆ ಕೊಂಡಿ ಹಾಕುವ ಕೈ ಅವಳೊಬ್ಬಳದೇ. "ನನ್ನ ಮದುವಿ ಹಗಲಿನ್ಯಾಗ, ಬಾಜಾ ಹಚ್ಚಿ ಮಾಡ್ತೇವಂತ ಅನ್ರಿ, ಕೊಂಡಿ ಹಾಕ್ತೇನಿ" ಎಂದು ಹೊಸ್ತಿಲ ಮೇಲೆ ಕುಳಿತಳು. ಅವಳಪ್ಪ ಬೈದ, ಅಣ್ಣ ಕೈ ಎತ್ತಿದ. ಅತ್ತ ದೊಡ್ಡಮನೆಯವರು ದಿನಕ್ಕೆರಡು ಸಲ ಆಳು ಕಳಿಸಿದರು. ಮೂರು ದಿನ ಸೀರೆ ಸೆರಗಿಲ್ಲದೆ ಮಗ್ಗದ ಮೇಲೆ ಬಿದ್ದಿತ್ತು. ನಾಲ್ಕನೆಯ ದಿನ ಹಿರಿಯರು ಹೂಂ ಎಂದರು. ಆ ಓಣಿಯಲ್ಲಿ ಗಂಡ ಸತ್ತವಳ ಮದುವೆಗೆ ಶಹನಾಯಿ ಊದಿದ್ದು ಅದೇ ಮೊದಲಂತೆ.

"ಯಾರ ಧೈರ್ಯದ ಮ್ಯಾಲ ಕುಂತಿದ್ದಿ ದೊಡ್ಡವ್ವ?"

"ಆ ರಾಣಿ ಧೈರ್ಯದ ಮ್ಯಾಲ. ಆಕಿ ಹಾಡುಹಗಲಾಗ ಬಾಗ್ಲಾ ತಗದ್ಲಲ್ಲ. ನೀನೂ ತಗಿ."

ನಾನು ಆ ವಾರವೇ ಅಪ್ಪನಿಗೆ ಫೋನು ಮಾಡಿ, ಮದುವೆ ಹಗಲೇ ಆಗಬೇಕು, ಕಾರ್ಡು ಹಂಚಬೇಕು ಎಂದೆ. ಅಪ್ಪ 'ನೋಡೂಣು' ಎಂದ. ಸರಕಾರಿ ಕಚೇರಿಯಲ್ಲಿ ಆ ಮಾತಿಗೆ ಅರ್ಥವೇನೆಂದು ಎಲ್ಲರಿಗೂ ಗೊತ್ತು.

ಶ್ರಾವಣ ಹತ್ತಿರ ಬಂದಾಗ ಒಂದು ಭಾನುವಾರ ಬಾದಾಮಿಗೆ ಹೋದೆ. ಸಂಗಮೇಶ ಸರ್ ಮೆಟ್ಟಿಲ ಮೇಲೆ ಹಲಗೆ ಇಟ್ಟುಕೊಂಡು ಗುಡ್ಡ ಬಿಡಿಸುತ್ತ ಕುಳಿತಿದ್ದರು. ಕೆರೆಯ ಎದುರಿಗೇ ಕುಳಿತು ಆ ಚಿತ್ರದ ಮಾತು ಬಾರದೆ ಇದ್ದೀತೇ? ದೊಡ್ಡವ್ವನ ಕತೆ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಅಲ್ರಿ, ನಮ್ಮವ್ವ ಆ ಪಿಚ್ಚರ್ ಹುನಗುಂದದಾಗ ನೋಡ್ಯಾಳ. ರಾಣಿ ಬಾಗ್ಲಾ ತಗಿಯಾಂಗಿಲ್ಲ. ಅಗಳಿ ಮ್ಯಾಲ ಕೈ ಇಡ್ತಾಳ, ಹಿಂದಿಂದ ಆಕಿ ಕಡಿಯವ್ರಽ ಬಾಣಾ ಬಿಡ್ತಾರ. ಅವ ಹೊರಗ ಕಾಯ್ಕೋತ ನಿಂತಿರ್ತಾನ. ನಮ್ಮವ್ವ ಈಗೂ ಅದನ್ನ ಹೇಳಿದ್ರ ಅಳ್ತಾಳ."

"ನಿಮ್ಮವ್ವಗ ಬ್ಯಾರೆ ಪಿಚ್ಚರ್ ನೆನಪಿರಬೇಕು."

"ಕುದರಿ, ಕೆರಿ, ತುಪ್ಪದ ಮಿಳ್ಳಿ, ಎಲ್ಲಾ ಇದಽ ಐತಲ್ರಿ?"

ಇಬ್ಬರೂ ಫೋನಿನಲ್ಲಿ ಹುಡುಕಿದೆವು. ಆ ಚಿತ್ರದ ಮೂರು ಹಾಡು ಸಿಕ್ಕವು, ಊಟದ ಸೀನು ಅರ್ಧ ಸಿಕ್ಕಿತು. ಪೂರ್ತಿ ಪ್ರಿಂಟು ಎಲ್ಲೂ ಉಳಿದಿಲ್ಲವೆಂದು ಕೆಳಗೆ ಯಾರೋ ಮರುಗಿ ಬರೆದಿದ್ದರು. ತುಪ್ಪದ ಧಾರೆ ಮಾತ್ರ ದೊಡ್ಡವ್ವ ಹೇಳಿದ ಹಾಗೇ ಇತ್ತು, ನಡುಗಿರಲಿಲ್ಲ.

ನನಗೆ ತಲೆ ಕೆಟ್ಟಿತು. ಅಪ್ಪನ ಮುಂದೆ ನಾನು ಹಿಡಿದು ನಿಂತದ್ದು ದೊಡ್ಡವ್ವನ ಉದಾಹರಣೆ, ದೊಡ್ಡವ್ವ ಹಿಡಿದು ನಿಂತದ್ದು ರಾಣಿಯ ಉದಾಹರಣೆ. ಬುಡದ ಕಲ್ಲೇ ಅಲುಗಾಡಿದರೆ? "ಅಷ್ಟ್ಯಾಕ ಮನಸಿಗೆ ಹಚ್ಕೋತೀರಿ, ಪಿಚ್ಚರ್ ಅದು" ಎಂದು ಅವರು ನಕ್ಕರು. ನಾನು ನಗಲಿಲ್ಲ. ಮುಂದಿನ ಭಾನುವಾರದಿಂದ ಕೇಳುತ್ತ ಹೊರಟೆ.

ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಅಂಗಡಿಯ ಅಜ್ಜನನ್ನು ಕೇಳಿದೆ. ಅವನು ಕರದಂಟು ತೂಗುತ್ತಲೇ, ರಾಣಿ ಸನ್ಯಾಸ ತೊಗೊಂಡು ಗುಹೆಯೊಳಗೆ ಹೋದಳು ಎಂದ. ಅವನ ಹೆಂಡತಿ ಒಳಗಿನಿಂದ, "ಆ ಪಿಚ್ಚರಿಗೆ ಹೋದಾಗ ಇವ್ರು ಇಂಟರ್ವಲ್‌ನಾಗಽ ಮಲಗಿದ್ರು, ಇವ್ರ ಮಾತ ನಂಬಬ್ಯಾಡ್ರಿ" ಎಂದಳು. ಇಳಕಲ್ಲಿನಲ್ಲಿ ಕೇಳಿದವರೆಲ್ಲ ಬಾಗಿಲು ತೆಗೆದಳು ಎಂದರು. ಹುನಗುಂದದಲ್ಲಿ ಕೇಳಿದವರೆಲ್ಲ ಸತ್ತಳು ಎಂದರು. ಎರಡು ಊರಿನ ನಡುವೆ ಬಸ್ಸಿಗೆ ಅರ್ಧ ತಾಸೂ ಬೇಡ. ಹುನಗುಂದದಿಂದ ಇಳಕಲ್ಲಿಗೆ ಸೊಸೆಯಾಗಿ ಬಂದ ಒಬ್ಬ ಅಜ್ಜಿ, "ನಾನೂ ನನ್ನ ಗಂಡಾನೂ ಇದಽ ಮಾತಿಗೆ ಎಷ್ಟ ಸಲ ಜಗಳಾಡೇವಿ" ಎಂದಳು.

ಕಡೆಗೆ ಒಬ್ಬರು, ಹಳೆಯ ಟಾಕೀಸಿನ ಆಪರೇಟರ್ ಹುಸೇನಸಾಬ ಇನ್ನೂ ಇದ್ದಾನೆ, ಹುನಗುಂದದಲ್ಲಿ ಮಗನ ಸೈಕಲ್ ಅಂಗಡಿಯಲ್ಲಿ ಕೂರುತ್ತಾನೆ ಎಂದರು. ಹೋದೆ. ಅಂದು ಜಿಟಿಜಿಟಿ ಮಳೆ. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವವರು ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡಿದ್ದರು. ಹುಸೇನಸಾಬ ಅಂಗಡಿಯ ಮುಂದಿನ ತಗಡಿನ ಕೆಳಗೆ ಕುರ್ಚಿ ಹಾಕಿಕೊಂಡಿದ್ದ. ಎಂಬತ್ತರ ಮುದುಕ, ಕಣ್ಣು ಚುರುಕು. ಚಿತ್ರದ ಹೆಸರು ಹೇಳಿದ್ದೇ ತಡ, ಮುಖ ಅರಳಿತು.

"ಹನ್ನೆರಡ ರೀಲಿನ ಪಿಚ್ಚರ್, ತಂಗಿ. ಹುನಗುಂದದಾಗ ಎರಡ ವಾರ ಓಡಿಸಿದ್ನಿ. ಆಮ್ಯಾಲ ಅದಽ ಡಬ್ಬಿ ಬಸ್ಸಿಗೆ ಹಾಕ್ಕೊಂಡು ಇಳಕಲ್ಲಿಗೆ ನಾನಽ ಹೋದ್ನಿ. ಮಾಲಕ ಒಬ್ಬನಽ ಇದ್ದ ಎರಡೂ ಟಾಕೀಸಿಗೆ."

"ರಾಣಿ ಕಡೀಕ ಸಾಯ್ತಾಳೇನ್ರಿ?"

"ಸಾಯ್ತಾಳ."

"ಮತ್ತ ಇಳಕಲ್ಲಿನ್ಯಾಗ?"

ಹುಸೇನಸಾಬ ಆಚೆ ಈಚೆ ನೋಡಿದ. ಐವತ್ತು ವರ್ಷದ ಮೇಲೂ ಮಾಲಕ ಕೇಳಿಸಿಕೊಂಡಾನು ಎಂಬ ಹಾಗೆ ದನಿ ತಗ್ಗಿಸಿದ.

"ಮೊದಲನೇ ದಿನ ಇದ್ದದ್ದ ಇದ್ದಂಗ ಓಡಿಸಿದ್ನಿ. ಪಿಚ್ಚರ್ ಮುಗೀತು, ಹೆಣ್ಣಮಕ್ಕಳು ಮನೀಗೆ ಹೋಗ್ಲಿಲ್ಲ, ನನ್ನ ಕೋಣಿ ಮುಂದ ಬಂದು ನಿಂತ್ರು. ಎಲ್ಲಾರೂ ಮಗ್ಗದವ್ರು. ಒಬ್ಬಾಕಿ ಅಂತಾಳ, ನಾಳಿ ಮುಂಜಾನೆ ಮದುಮಗಳ ಸೀರಿಗೆ ಕೊಂಡಿ ಹಾಕೂದೈತಿ, ಹೆಣಾ ತೋರ್ಸಿ ಕಳಸ್ತೀಯೇನೋ ಸಾಬಣ್ಣ, ಈ ಕಣ್ಣೀರ ಕೈಲೆ ಕೊಂಡಿ ಹಾಕ್ಲ್ಯಾ? ನಾಳಿಂದ ಯಾರೂ ಬರಾಂಗಿಲ್ಲ ಅಂದ್ರು. ಮಾಲಕ ನನ್ನ ಮ್ಯಾಲ ಕೂಗಾಡಿದ. ನಾ ಏನ ಮಾಡ್ಲಿ? ಒಂಬತ್ತನೇ ರೀಲಿನ್ಯಾಗ ರಾಣಿ ಕನಸ ಕಾಣ್ತಾಳ. ಬಾಗ್ಲಾ ತಗದಂಗ, ಮದುವಿ ಆದಂಗ. ಮರುದಿನ ಆ ರೀಲು ನಡುವಿಂದ ತಗದು ಕಡೀಕ ಹಾಕಿದ್ನಿ. ಹನ್ನೆರಡನೇದನ್ನ ಡಬ್ಬ್ಯಾಗಽ ಇಟ್ನಿ."

"ಯಾರೂ ಕೇಳ್ಲಿಲ್ಲೇನ್ರಿ? ಮದುವ್ಯಾಗ ಸತ್ತ ಅಪ್ಪ ಬಂದು ನಿಂತಾನ!"

"ಕನಸಿನ್ಯಾಗ ಸತ್ತವ್ರು ಬರ್ತಾರಲ್ಲ, ತಂಗಿ. ನಂಗೂ ಅದಽ ಹೆದರಕಿ ಇತ್ತು. ಒಬ್ರೂ ಕೇಳ್ಲಿಲ್ಲ. ಮೊದಲನೇ ದಿನ ನೋಡಿದವ್ರೂ ಮತ್ತೊಮ್ಮೆ ಬಂದು ನೋಡಿ, ಇದಽ ಖರೆ, ನಿನ್ನಿ ನೀ ರೀಲು ತಪ್ಪು ಹಚ್ಚಿದ್ದಿ ಅಂತ ನನಗಽ ಬೈದು ಹೋದ್ರು."

ಅವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಇಳಕಲ್ಲಿನ ಬಸ್ಸಿನಲ್ಲಿ ಕುಳಿತ ಮೇಲೆ ನಗು ಹೋಯಿತು. ಟಾಕೀಸು ತುಂಬಲೆಂದು ಒಬ್ಬ ಆಪರೇಟರ್ ಮಾಡಿದ ಕೈಚಳಕದ ಮೇಲೆ ಒಬ್ಬ ಹೆಣ್ಣುಮಗಳು ತನ್ನ ಬಾಳನ್ನೇ ನಿಲ್ಲಿಸಿದ್ದಳು. ಅದರ ಮೇಲೆ ನಾನು ನನ್ನದನ್ನು ನಿಲ್ಲಿಸಲು ಹೊರಟಿದ್ದೆ. ಕನಸಿನ ಹೊರತು ರಾಣಿ ಬಾಗಿಲು ತೆಗೆದಿರಲೇ ಇಲ್ಲ.

ಆಮೇಲೆ ಎರಡು ವಾರ ನಾನು ದೊಡ್ಡವ್ವನ ಎದುರಿಗೆ ಸರಿಯಾಗಿ ಕೂರಲಿಲ್ಲ. ಪೇಪರ್ ತಿದ್ದುವುದಿದೆ ಎಂದು ಪಡಸಾಲೆಯಲ್ಲೇ ಉಳಿಯುತ್ತಿದ್ದೆ. ಅಷ್ಟರಲ್ಲಿ ಅಪ್ಪನ ಫೋನು ಬಂತು. ಕಾರ್ತಿಕದಲ್ಲಿ ಒಂದು ಗುರುವಾರ ಸಂಜೆ ಮಠದಲ್ಲಿ ಹೇಳಿಟ್ಟಿದ್ದೇನೆ, ಆರೂವರೆಗೆ, ಅರ್ಧ ತಾಸಿನ ಕೆಲಸ ಎಂದ. ನಾನು ಆಗಲಿ ಎನ್ನಲಿಲ್ಲ. ಆದರೆ ಬೇಡ ಎನ್ನುವ ಮಾತೂ ನಾಲಿಗೆಗೆ ಬರಲಿಲ್ಲ. ಸಂಗಮೇಶ ಸರ್‌ಗೆ ಹೇಳಿದಾಗ ಅವರು, "ನನಗ ಸಂಜಿ ಆದ್ರೂ ಆತು, ಮಧ್ಯಾಹ್ನ ಆದ್ರೂ ಆತು. ನಿಮಗ ಯಾವದು ಬೇಕು ಅದಽ ಆಗ್ಲಿ. ಪಿಚ್ಚರ್ ಮ್ಯಾಲ ಮಾತ್ರ ಹಾಕಬ್ಯಾಡ್ರಿ" ಎಂದರು. ನಿಜವಾದ ಮಾತಿಗೇ ಸಿಟ್ಟು ಜಾಸ್ತಿ ಬರುವುದು. ಫೋನು ಇಟ್ಟುಬಿಟ್ಟೆ.

ಭಾದ್ರಪದದ ಒಂದು ರಜೆಯ ದಿನ, ಸೊಸೆಗೆ ಜ್ವರ ಬಂದಿತ್ತು. ಕೊಂಡಿ ಹಾಕಲು ಎದುರಿಗೊಬ್ಬರು ಬೇಕು. ದೊಡ್ಡವ್ವ ನನ್ನನ್ನೇ ಕರೆದಳು. ಈ ಕಡೆ ಒಡಲಿನ ಕಪ್ಪು ಎಳೆ, ಆ ಕಡೆ ಸೆರಗಿನ ಕೆಂಪು ರೇಷ್ಮೆ. ಅವಳು ಎಳೆ ಮಡಿಚಿ ಕುಣಿಕೆ ಮಾಡಿ ಕೊಡುವುದು, ನಾನು ಅದರೊಳಗೆ ನನ್ನ ಎಳೆ ತೂರಿಸುವುದು. ಒಂದು ತಾಸು ಹೀಗೇ ನಡೆಯಿತು.

"ಏನಾಗೇತಿ ನಿನಗ?" ಎಂದಳು, ಎಳೆಯಿಂದ ಕಣ್ಣೆತ್ತದೆ. "ಹದಿನೈದ ದಿನ ಆತು, ನನ್ನ ಮಾರಿ ನೋಡವಲ್ಲಿ. ನಿಮ್ಮಪ್ಪ ಏನರ ಅಂದ್ನೇನು?"

ಹೇಳಬಾರದೆಂದೇ ಇದ್ದೆ. ಎಪ್ಪತ್ತು ದಾಟಿದವಳ ನಂಬಿಕೆ ಕಿತ್ತು ನನಗೇನಾಗಬೇಕು? ಆದರೆ ಸುಳ್ಳು ಹೇಳಿ ಅವಳ ಎದುರು ಕೂರುವುದೂ ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಸಂಗಮೇಶ ಸರ್ ತಾಯಿ, ಹುಸೇನಸಾಬ, ಒಂಬತ್ತನೆಯ ರೀಲು, ಡಬ್ಬಿಯಲ್ಲೇ ಉಳಿದ ಹನ್ನೆರಡನೆಯದು. ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಎಳೆಯ ಮೇಲೆ ಬೀಳದಂತೆ ಮುಖ ಹಿಂದಕ್ಕೆ ತೆಗೆದುಕೊಂಡೆ.

ದೊಡ್ಡವ್ವ ಕೈಯಲ್ಲಿದ್ದ ಕುಣಿಕೆ ಬಿಡದೆ ಕೇಳಿದಳು.

"ಹಂಗಾರ ಆಕಿ ತಗೀಲೇ ಇಲ್ಲ?"

"ಇಲ್ಲ ದೊಡ್ಡವ್ವ. ಅಗಳಿ ಮ್ಯಾಲ ಕೈ ಇಟ್ಟಿದ್ಲು, ಅಷ್ಟಽ."

"ಪಾಪ" ಎಂದಳು. ರಾಣಿಯ ಬಗ್ಗೆ ಮರುಗಿದ ಮಾತು ಅದು. ಹೊರಗೆ ಪಕ್ಕದ ಮನೆಯ ಮಗ್ಗದ ಸಪ್ಪಳ ಮಾತ್ರ ಕೇಳುತ್ತಿತ್ತು. ಅವಳ ಎದೆಗೆ ನಾನೇ ಬಾಣ ಬಿಟ್ಟೆನೇನೋ ಅನಿಸಿ ಹೆದರಿಕೆಯಾಯಿತು. ನೋಡಿದರೆ ಮುದುಕಿಯ ಮುಖದ ಮೇಲೆ ಒಂದು ನಗು ಮೆಲ್ಲಗೆ ಏಳುತ್ತಿತ್ತು.

"ಗಿರ್ಜಾ, ಹಂಗಾರ ಹೊಸ್ತಿಲ ಮ್ಯಾಲ ಮೂರ ದಿನಾ ಕುಂತಾಕಿ ಯಾರು?"

"ನೀನಽ."

"ಐವತ್ತ ವರ್ಷ ನಾ ಏನ ತಿಳಕೊಂಡಿದ್ನಿ ಗೊತ್ತೈತೇನು? ಆ ರಾಣಿ ತಗದ್ಲಂತ ನಾನೂ ತಗದ್ನಿ, ಧೈರ್ಯ ಆಕೀದು, ನಾ ಬರೇ ನೋಡಿ ಕಲತಾಕಿ ಅಂತ. ಆಕಿ ತಗೀಲೇ ಇಲ್ಲಂದ್ರ... ಅದು ಅಷ್ಟೂ ನಂದಽ ಆತಲ್ಲ!"

ಕುಣಿಕೆ ಹಿಡಿದ ಕೈ ಬಿಡದೇ ಗಟ್ಟಿಯಾಗಿ ನಕ್ಕಳು. ಒಳಗೆ ಜ್ವರದಲ್ಲಿ ಮಲಗಿದ್ದ ಸೊಸೆ, ಏನಾಯಿತ್ರಿ ಅತ್ತಿ ಎಂದು ಕೂಗಿದಳು. "ಏನಿಲ್ಲ, ನಂದೊಂದು ಜೀನಸ ಸಿಕ್ಕತು" ಎಂದು ಇಲ್ಲಿಂದಲೇ ಉತ್ತರ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಯಾಕ ಅಳ್ತಿ? ನಿನಗ ರಾಣಿ ಬೇಕಾಗಿದ್ಲೇನು? ಎಳಿ ತೂರಸು, ಹೊತ್ತಾತು" ಎಂದಳು.

ನಾನು ಎಳೆ ತೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಕೊಂಡಿ ಮುಗಿಯಿತು. ದೊಡ್ಡವ್ವ ಕೂಡಿದ ಜಾಗದ ಮೇಲೆ ಬೆರಳಾಡಿಸಿ, ಎರಡು ಕಡೆ ನನ್ನದು ಸಡಿಲಾಗಿದೆ ಎಂದು ಬಿಚ್ಚಿಸಿ ಮತ್ತೆ ಹಾಕಿಸಿದಳು. ಅದು ಮುಗಿದ ಮೇಲೆ ಪಡಸಾಲೆಗೆ ಬಂದು, ಮಕ್ಕಳ ನೋಟ್‌ಬುಕ್ಕಿನಿಂದ ಎರಡು ಹಾಳೆ ಕಿತ್ತು ಬರೆಯಲು ಕುಳಿತೆ.

ಮರುದಿನ ಮೊದಲ ಬಸ್ಸಿಗೆ ನವನಗರಕ್ಕೆ ಹೋದೆ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದ. ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬರೆದ ಹಾಳೆಯನ್ನು ಅಪ್ಪನ ಮುಂದಿಟ್ಟೆ. ಲಗ್ನಪತ್ರಿಕೆ. ಅದೇ ಕಾರ್ತಿಕ, ಅದೇ ಗುರುವಾರ. ಅಕ್ಷತೆ ಮಧ್ಯಾಹ್ನ ಹನ್ನೆರಡೂವರೆಗೆ, ನಮ್ಮ ಮನೆಯ ಮುಂದಿನ ಪೆಂಡಾಲಿನಲ್ಲಿ.

"ಮಠಕ್ಕ ಹೇಳಿಟ್ಟೇನವ್ವ ನಾ" ಎಂದ ಅಪ್ಪ.

"ಬ್ಯಾಡಂತ ಹೇಳ್ರಿ. ನಾ ಕಳವು ಮಾಡಿಲ್ಲಪ್ಪ. ಆರ ವರ್ಷ ಬಾಳೆ ಹೆಂಗ ಮಾಡೀನಿ ಅಂತ ನಿಮಗೂ ಗೊತ್ತೈತಿ, ಮಂದೀಗೂ ಗೊತ್ತೈತಿ. ಮಾಡಿದ್ರ ಹಗಲಿನ್ಯಾಗ ಮಾಡ್ಕೋತೇನಿ. ಇಲ್ಲಂದ್ರ ಇಲ್ಲ."

"ನಿಮ್ಮ ದೊಡ್ಡವ್ವ ತಲಿ ತುಂಬ್ಯಾಳ."

"ದೊಡ್ಡವ್ವ ಎಳಿ ತೂರಸು ಅಂದಾಳ, ಅಷ್ಟಽ. ಇದು ನಂದಽ ಮಾತು."

ಹೇಳುವಾಗ ನನ್ನ ದನಿ ಹೇಗಿರುತ್ತದೋ ಎಂದು ಬಸ್ಸಿನುದ್ದಕ್ಕೂ ಹೆದರಿದ್ದೆ. ನಡುಗಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಹಾಳೆ ಕೈಗೆತ್ತಿಕೊಂಡ. ಕಚೇರಿಯ ಕಡತ ಓದುವ ಹಾಗೆ ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಓದಿದ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

"ಇದರಾಗ ಕರಿಯವ್ರ ಹೆಸರ ಎಲ್ಲೈತಿ?" ಎಂದ.

"ಕೆಳಗೈತಲ್ರಿ. ನಂದು, ಅವರ್ದು. ನಾವಽ ಕರೀತೇವಿ."

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಅವ್ವ ಬಾಗಿಲಿಗೆ ಬಂದು ನಿಂತಳು. ಇಡೀ ಮಳೆಗಾಲ ಈ ವಿಷಯಕ್ಕೆ ಒಂದು ಮಾತೂ ಆಡದಿದ್ದವಳು. "ಅಡಗಿ ಎಷ್ಟ ಮಂದೀಗೆ ಅಂತ ಈಗಽ ಹೇಳ್ರಿ. ಸಂಜೀಕಾದ್ರ ನಾ ಬರಾಂಗಿಲ್ಲ, ಮಧ್ಯಾಹ್ನ ಆದ್ರ ಸಜ್ಜಕ ಮಾಡಸ್ತೇನಿ" ಎಂದಳು.

ಅಪ್ಪ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಎದ್ದು ಹೋಗಿ ಗೋಡೆಗೆ ನೇತುಹಾಕಿದ್ದ ಅಂಗಿಯ ಕಿಸೆಯಿಂದ ಪೆನ್ನು ತಂದ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮಿಬ್ಬರ ಹೆಸರಿನ ಮೇಲೆ ಸಿಕ್ಕ ಸಣ್ಣ ಜಾಗದಲ್ಲಿ, ಹಳೆಯ ದುಂಡಗಿನ ಅಕ್ಷರಗಳಲ್ಲಿ ತನ್ನ ಪೂರ್ತಿ ಹೆಸರು ಬರೆದ. ಅದರ ಪಕ್ಕದಲ್ಲಿ ಅವ್ವನ ಹೆಸರು ಬರೆದ. ನನ್ನ ಕಡೆ ನೋಡದೆ ಹಾಳೆ ತಿರುಗಿ ಕೊಟ್ಟ.

"ನನ್ನ ಹೆಸರ ಇಲ್ಲದಽ ಕಾರ್ಡ್ ಹಂಚಿದ್ರ, ನಾ ಸತ್ತೇನಂತ ತಿಳೀತಾರ ಮಂದಿ."